ತಾಮ್ರದ ದೇಶ, ವಜ್ರದ ದೇಶ

ಆಫ್ರಿಕಾದಲ್ಲಿ ಕೆಲಸ ಮಾಡಿ ಬಂದವರು ಎಂದು ಗೊತ್ತಾದರೆ ಟೊರೊಂಟೊ ಸುತ್ತಲಿನ ಕನ್ನಡಿಗರು ಕೇಳುವುದು ಒಂದೇ ಪ್ರಶ್ನೆ: "ಸಿಂಹ ನೋಡಿದ್ರಾ?" ನೋಡಿದ್ದೇನೆ. ಅದು ಮಲಗಿತ್ತು. ಇಷ್ಟು ಹೇಳಿದರೆ ಅವರ ಕುತೂಹಲ ಮುಗಿಯುತ್ತದೆ, ಅದರ ಜೊತೆಗೆ ನನ್ನ ಯೌವನದ ಕಥೆಯೂ ಮುಗಿಯುತ್ತದೆ.

ನಾನೂ ನಮ್ಮ ಯಜಮಾನರೂ ಮದುವೆಯಾದ ವರ್ಷವೇ ಧಾರವಾಡ ಬಿಟ್ಟು ಜಾಂಬಿಯಾಕ್ಕೆ ಹೋದವರು. ಸ್ವಾತಂತ್ರ್ಯ ಬಂದು ಇನ್ನೂ ಬಹಳ ವರ್ಷವಾಗಿರದ ಆ ದೇಶಕ್ಕೆ ಗಣಿತ, ವಿಜ್ಞಾನ ಕಲಿಸುವವರು ಬೇಕಾಗಿದ್ದರು. ನಮಗೆ ಕೆಲಸ ಬೇಕಾಗಿತ್ತು. ತಾಮ್ರದ ಗಣಿಯ ಪಟ್ಟಣವೊಂದರ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸಿದೆ, ಅವರು ಭೌತಶಾಸ್ತ್ರ ಕಲಿಸಿದರು. ಮಗ ಹುಟ್ಟಿದ್ದೂ ಅಲ್ಲೇ. ಒಂದು ಕರಾರು ಮುಗಿಯಿತು ಎನ್ನುವಾಗ ಇನ್ನೊಂದಕ್ಕೆ ಸಹಿ ಹಾಕುತ್ತಾ, ತಲೆಯಲ್ಲಿ ಬಿಳಿಗೂದಲು ಕಾಣುವವರೆಗೂ ಅಲ್ಲೇ ಉಳಿದೆವು. ಆಮೇಲೆ ಕೆನಡಾ.

ನಮ್ಮಂಥವರು ಇಲ್ಲಿ ಒಂದು ಕಾಲದಲ್ಲಿ ಬಹಳ ಜನ ಇದ್ದರು. ನೈಜೀರಿಯಾದಲ್ಲಿ ಕೆಮಿಸ್ಟ್ರಿ ಕಲಿಸಿದವರು, ಇಥಿಯೋಪಿಯಾದಲ್ಲಿ ಇಂಗ್ಲಿಷ್ ಕಲಿಸಿದವರು, ಬೋಟ್ಸ್ವಾನಾದಲ್ಲಿ ರಸ್ತೆ ಹಾಕಿಸಿದವರು. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಮಾರ್ಕಮ್‌ನ ಒಂದು ಪಾರ್ಕಿನಲ್ಲಿ ಎಲ್ಲರೂ ಸೇರುತ್ತಿದ್ದೆವು. ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಬೆಂಗಳೂರಿನವರು, ಮಂಗಳೂರಿನವರು, ಹುಬ್ಬಳ್ಳಿಯವರು ಅಂತ ಗುಂಪಾದರೆ, ನಮ್ಮ ಪಿಕ್ನಿಕ್ಕಿನಲ್ಲಿ ಗುಂಪುಗಳೇ ಬೇರೆ. ನೈಜೀರಿಯಾದವರದೊಂದು ಮೇಜು, ಇಥಿಯೋಪಿಯಾದವರದೊಂದು, ಜಾಂಬಿಯಾದವರದು ನೀರಿನ ನಲ್ಲಿಯ ಹತ್ತಿರ, ಬೋಟ್ಸ್ವಾನಾದವರದು ದೊಡ್ಡ ಮೇಪಲ್ ಮರದ ನೆರಳಲ್ಲಿ. ಕರಾರಿನ ಮೇಲೆ ದುಡಿಯಲು ಹೋದ ದೇಶವನ್ನು ಗಂಡನ ಮನೆ ಮಾಡಿಕೊಂಡು, ಅದರ ಮಾನಕ್ಕಾಗಿ ಕಿತ್ತಾಡುವ ಮೂರ್ಖರು ಲೋಕದಲ್ಲಿ ನಾವೇ ಇರಬೇಕು. "ನಿಮ್ಮಲ್ಲಿ ಮತ್ತೆ ಮಿಲಿಟರಿ ಬಂತಂತಲ್ಲ?" ಎಂದು ಒಂದು ಮೇಜಿನವರು ಇನ್ನೊಂದು ಮೇಜಿನವರನ್ನು ಚುಚ್ಚುವುದು. "ನಿಮ್ಮ ನೋಟಿಗೆ ಬೆಲೆ ಎಲ್ಲಿದೆ, ಹಪ್ಪಳ ಸುತ್ತಲಿಕ್ಕೂ ಬರುವುದಿಲ್ಲ" ಎಂದು ಅವರು ತಿರುಗಿಸಿ ಕೊಡುವುದು. ಚಿತ್ರಾನ್ನ ಮುಗಿಯುವುದರೊಳಗೆ ಒಂದಿಬ್ಬರು ಮಾತು ಬಿಟ್ಟಿರುತ್ತಿದ್ದರು.

ಬೋಟ್ಸ್ವಾನಾ ಮೇಜಿನ ಮುಖ್ಯಸ್ಥರೆಂದರೆ ಉಡುಪಿ ಕಡೆಯ ಒಬ್ಬ ಎಂಜಿನಿಯರು. ಕಲಹರಿ ಮರಳಿನಲ್ಲಿ ಕೊಳವೆಬಾವಿ ಕೊರೆಸುವ ಕೆಲಸಕ್ಕೆ ಹೋದವರು. ತೆಳ್ಳಗೆ, ಉದ್ದಕ್ಕೆ ಇದ್ದರು. ಮಾತಾಡುವಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ನನ್ನನ್ನು "ಟೀಚರೇ" ಎನ್ನುತ್ತಿದ್ದರು, ನಾನು "ಸಾಹೇಬ್ರ" ಎನ್ನುತ್ತಿದ್ದೆ. ನಮ್ಮಿಬ್ಬರ ಜಗಳ ಶುರುವಾದರೆ ಉಳಿದ ಮೇಜಿನವರು ತಟ್ಟೆ ಹಿಡಿದುಕೊಂಡು ಹತ್ತಿರ ಬಂದು ಕೂರುತ್ತಿದ್ದರು. ನಮ್ಮ ಯಜಮಾನರು ಮಾತ್ರ ಆ ಹೊತ್ತಿಗೆ ಹುಲ್ಲಿನ ಮೇಲೆ ಜಮಖಾನೆ ಹಾಸಿ ನಿದ್ದೆ ಹೋಗಿರುತ್ತಿದ್ದರು.

"ಎಂತ ಟೀಚರೇ, ಎರಡೂ ದೇಶ ಬ್ರಿಟಿಷರ ಕೈಯಿಂದಲೇ ಬಿಡಿಸಿಕೊಂಡದ್ದು, ಸುಮಾರು ಒಂದೇ ಕಾಲಕ್ಕೆ. ನಿಮ್ಮಲ್ಲಿ ತಾಮ್ರ ಉಂಟು, ರೈಲು ಉಂಟು, ಪೇಟೆ ಉಂಟು. ನಮ್ಮಲ್ಲಿ ಎಂತ ಇತ್ತು? ದನ ಮತ್ತೆ ಮರಳು. ಈಗ ನೋಡಿ ಯಾರು ಎಲ್ಲಿದ್ದಾರೆ ಅಂತ."

"ದನ, ಮರಳು ಅಂತ ಹೇಳಿ ವಜ್ರದ ಮಾತು ನುಂಗಿಬಿಟ್ರಲ್ರೀ ಸಾಹೇಬ್ರ? ಅದೇನು ಗಂಟಲಾಗ ಸಿಕ್ಕೊಂಡದೇನು?"

"ವಜ್ರ ಆಫ್ರಿಕಾದಲ್ಲಿ ಎಷ್ಟು ದೇಶದಲ್ಲಿಲ್ಲ ಮಾರಾಯ್ರೆ? ಬೇರೆ ಕಡೆ ವಜ್ರ ಸಿಕ್ಕಿ ಜನ ಬಡಿದಾಡಿ ಸತ್ತರು. ವಜ್ರ ಅಲ್ಲ ವಿಷಯ, ಅದು ಸಿಗುವ ಮೊದಲೇ ಮನೆಯಲ್ಲಿ ಶಿಸ್ತು ಇತ್ತು."

ಶಿಸ್ತು ಎಂದರೆ ಅವರು ಹೇಳುತ್ತಿದ್ದದ್ದು ಅಲ್ಲಿನ ಊರ ಸಭೆಯ ಕಥೆ. ಖೋಟ್ಲಾ ಎನ್ನುತ್ತಾರೆ. ಊರಿನ ಮುಖ್ಯಸ್ಥ ಮರದ ಕೆಳಗೆ ಕೂತು, ಯಾರು ಏನು ಹೇಳಿದರೂ ಕೊನೆಯವರೆಗೆ ಕೇಳಬೇಕು, ಬಾಯಿ ಹಾಕುವ ಹಾಗಿಲ್ಲ, ತನ್ನ ಮಾತು ಕೊನೆಗೆ. ಒಂದು ಬಾವಿ ಎಲ್ಲಿ ಕೊರೆಯಬೇಕು ಎನ್ನುವುದಕ್ಕೆ ತಾವು ಬೆಳಗಿನಿಂದ ಸಂಜೆಯವರೆಗೆ ಕೂತು ಹಣೆ ಚಚ್ಚಿಕೊಂಡದ್ದನ್ನು ನಟಿಸಿ ತೋರಿಸುತ್ತಿದ್ದರು. ಕೇಳಿ ಆಳುವುದು ರೂಢಿಯಾಗಿದ್ದ ಜನ, ಬ್ರಿಟಿಷರು ಏನೂ ಸಿಗದು ಅಂತ ಅಸಡ್ಡೆ ಮಾಡಿದ್ದರಿಂದ ಆ ರೂಢಿ ಕೆಡದೆ ಉಳಿಯಿತು, ವಜ್ರ ಸಿಕ್ಕಾಗ ಅದು ಕೆಲಸಕ್ಕೆ ಬಂತು, ಹಾಸಿಗೆ ಇದ್ದಷ್ಟು ಕಾಲು ಚಾಚಿ ಉಳಿದದ್ದನ್ನು ಮುಂದಿನವರಿಗೆ ತೆಗೆದಿಟ್ಟರು. ಇದು ಅವರ ವಾದ. ಆ ಸಭೆಯಲ್ಲಿ ಹೆಂಗಸರಿಗೆ ಎಷ್ಟೋ ಕಾಲ ಬಾಯಿಯೇ ಇರಲಿಲ್ಲವಲ್ಲ ಎಂದು ನಾನು ಕೇಳಿದರೆ, "ಅದಕ್ಕೆ ನೀವು ಜಾಂಬಿಯಾಕ್ಕೆ ಹೋದದ್ದು" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ನನ್ನ ವಾದವೂ ಪೊಳ್ಳಲ್ಲ. ಬೋಟ್ಸ್ವಾನಾದ ವಜ್ರ ಕೈಗೆ ಬಂದದ್ದು ಬ್ರಿಟಿಷರು ಹೋದಮೇಲೆ, ಹಾಗಾಗಿ ಕಂಪನಿಯ ಜೊತೆ ತಮ್ಮ ಪಾಲಿಗೆ ತಾವೇ ಕೂತು ಚೌಕಾಸಿ ಮಾಡಿದರು. ನಮ್ಮ ತಾಮ್ರವನ್ನು ನಾವು ಬಾವುಟ ಏರಿಸುವ ಎಷ್ಟೋ ಮೊದಲೇ ಅಗೆದು ಸಾಗಿಸಿಯಾಗಿತ್ತು. ಏರಿಸಿದ ದಿನ ದೇಶದಲ್ಲಿ ಪದವಿ ಪಡೆದವರು ಬೆರಳೆಣಿಕೆ. ತಾಮ್ರ ನಮ್ಮದು, ದರ ಕಟ್ಟುವವರು ಲಂಡನ್ನಿನವರು. ಅದು ಬಿದ್ದಾಗ ಸಾಲ ಮಾಡಿದೆವು, ಮತ್ತೆ ಏಳುತ್ತದೆ ಅಂತ ಕಾದೆವು, ಏಳಲಿಲ್ಲ. ಸುತ್ತ ಎಲ್ಲ ಗಡಿಯಲ್ಲೂ ಯುದ್ಧ. ಸಮುದ್ರಕ್ಕೆ ಹೋಗುವ ರೈಲುದಾರಿ ಮುಚ್ಚಿದರು. ಪಕ್ಕದ ದೇಶಗಳ ಸ್ವಾತಂತ್ರ್ಯಕ್ಕೆ ಹೋರಾಡುವವರಿಗೆ ಜಾಗ ಕೊಟ್ಟದ್ದಕ್ಕೆ ನಮ್ಮ ಮೇಲೆ ಬಾಂಬು ಬಿತ್ತು.

"ಬಾಂಬು ನಮ್ಮಲ್ಲಿಗೂ ಬಿದ್ದಿದೆ ಟೀಚರೇ."

"ಬಿದ್ದದ, ಇಲ್ಲಂದವರು ಯಾರು? ಆದ್ರ ನಮ್ಮಷ್ಟು ಭಾಷೆ, ನಮ್ಮಷ್ಟು ಬುಡಕಟ್ಟು ನಿಮ್ಮಲ್ಲಿ ಅದಾವೇನು? ಇಷ್ಟೆಲ್ಲಾ ಇದ್ದೂ ನಮ್ಮವರು ಒಬ್ಬರಿಗೊಬ್ಬರು ಕತ್ತಿ ಹಿಡೀಲಿಲ್ಲ. ಗಾದಿ ಮ್ಯಾಲಿದ್ದವರು ಓಟಿನಾಗ ಸೋತು, ಕೈ ಮುಗಿದು ಮನೀಗೆ ಹೋದರು. ಅದು ಪ್ರಗತಿ ಅಲ್ಲೇನ್ರೀ?"

"ಕುಣಿಯಲಾರದವಳಿಗೆ ನೆಲ ಡೊಂಕು" ಎಂದು ಅವರು ಕನ್ನಡಕ ಮತ್ತೆ ಹಾಕಿಕೊಳ್ಳುತ್ತಿದ್ದರು. ಅಲ್ಲಿಗೆ ಆ ವರ್ಷದ ಕಲಾಪ ಮುಗಿಯಿತು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮವರು ಕೂತು ತಿಂದದ್ದೂ ನಿಜ, ಗಣಿಯ ಕುರ್ಚಿಗಳಲ್ಲಿ ಗಣಿ ಗೊತ್ತಿಲ್ಲದ ಪಕ್ಷದವರನ್ನು ಕೂರಿಸಿದ್ದೂ ನಿಜ. ಕೊನೆಯ ವರ್ಷಗಳಲ್ಲಿ ಮೆಕ್ಕೆಜೋಳದ ಹಿಟ್ಟಿಗೆ, ಸೋಪಿಗೆ, ಎಣ್ಣೆಗೆ ಸರದಿ ನಿಂತಿದ್ದೇನೆ. ಚಾಕ್‌ಪೀಸನ್ನು ಮುರಿದು ಚೂರು ಮಾಡಿ, ಕಡಲೆಬೇಳೆಯ ಹಾಗೆ ಲೆಕ್ಕ ಇಟ್ಟು, ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಕಾಪಾಡಿದ್ದೇನೆ. ಚೆನ್ನಾಗಿ ಕಲಿತ ಮಕ್ಕಳು ದೇಶ ಬಿಟ್ಟು ಹೋದರು. ಉಳಿದವರಲ್ಲಿ ಎಷ್ಟೋ ಮಂದಿಯನ್ನು ಆ ಕಾಲದ ದೊಡ್ಡ ಕಾಯಿಲೆ, ಏಡ್ಸ್, ಒಯ್ದಿತು. ನನ್ನ ತರಗತಿಯ ಮೊದಲ ಸಾಲಿನ ಹುಡುಗಿಯರ ಮುಖಗಳು ನನಗೆ ಈಗಲೂ ನೆನಪಿವೆ. ಅವರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಕೇಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ.

ಹಾಗಿರುವಾಗ ಒಂದು ವರ್ಷ, ಮಾತಿನ ಭರದಲ್ಲಿ, ಎಂಜಿನಿಯರು ಹೇಳಿದರು: "ನೀವು ಗಂಡ ಹೆಂಡತಿ ಅಲ್ಲಿ ಅಷ್ಟು ವರ್ಷ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯ್ತಲ್ಲ ಟೀಚರೇ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದಮೇಲೆ ಊಟ ಸೇರಲಿಲ್ಲ. "ಅಂವಾ ಚ್ಯಾಷ್ಟಿ ಮಾಡ್ಯಾನ, ಬಿಡು" ಎಂದರು ಯಜಮಾನರು. ಬಿಡಲು ಆಗಲಿಲ್ಲ. ಯಾಕೆಂದರೆ ಅಲ್ಲಿಂದ ಬಂದಾಗಿನಿಂದ ನನ್ನನ್ನು ನಾನೇ ಕೇಳಿಕೊಳ್ಳಲು ಹೆದರುತ್ತಿದ್ದ ಪ್ರಶ್ನೆಯೇ ಅದು. ಕೆನಡಾದಲ್ಲಿ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಳಾದೆ. ಯಾರಿಗೂ ಏನೂ ಕಲಿಸಲಿಲ್ಲ. ಬದುಕಿನಲ್ಲಿ ಕೆಲಸ ಅಂತ ಮಾಡಿದ್ದಿದ್ದರೆ ಆ ಗಣಿಪಟ್ಟಣದಲ್ಲಿ ಮಾಡಿದ್ದು. ಆ ದೇಶವೇ ಸೋತಿತು ಎಂದಾದರೆ ನನ್ನ ಹೆಸರಿನಲ್ಲಿ ಉಳಿಯುವುದೇನು? ಅಂದಿನಿಂದ ನನ್ನ ವಾದಕ್ಕೆಲ್ಲ ಇದ್ದದ್ದು ಒಂದೇ ಗುರಿ. ಆ ಮನುಷ್ಯ ತನ್ನ ಬಾಯಿಂದಲೇ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು.

ವರ್ಷಗಳು ಹೋದವು. ನೈಜೀರಿಯಾ ಮೇಜು ಮೊದಲು ಖಾಲಿಯಾಯಿತು, ಆಮೇಲೆ ಇಥಿಯೋಪಿಯಾ. ನಮ್ಮ ಯಜಮಾನರು ಒಂದು ಚಳಿಗಾಲ ಬಾಗಿಲ ಮುಂದಿನ ಹಿಮ ಬಳಿಯುತ್ತಿದ್ದವರು ಒಳಗೆ ಬಂದು ಕುರ್ಚಿಯಲ್ಲಿ ಕೂತು, ಹಾಗೇ ಹೋದರು. ಮಗ ಕ್ಯಾಲ್ಗರಿಯಲ್ಲಿದ್ದಾನೆ, ಭಾನುವಾರ ಫೋನು ಮಾಡುತ್ತಾನೆ. ನಾನು ಮನೆ ಮಾರಿ ವಿಟ್ಬಿಯಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಬಂದೆ. ಬಾಲ್ಕನಿಯಲ್ಲಿ ನಿಂತರೆ 401 ಹೆದ್ದಾರಿಯ ಸದ್ದು ಕೇಳಿಸುತ್ತದೆ. ಪಕ್ಕದ ಮನೆಯಲ್ಲಿ ನೈಜೀರಿಯಾದ ಒಬ್ಬ ಹುಡುಗಿ ಇದ್ದಾಳೆ. ಒಮ್ಮೆ ಲಿಫ್ಟಿನಲ್ಲಿ ಜಾಂಬಿಯಾದ ವಿಷಯ ತೆಗೆದೆ. ಬಹಳ ಮರ್ಯಾದೆಯಿಂದ, "ನಾನು ಆ ಕಡೆ ಹೋಗೇ ಇಲ್ಲ ಆಂಟಿ" ಎಂದಳು. ಅವಳಿಗೆ ಅದು ಎಷ್ಟು ದೂರವೋ ಬೀದರಿನವರಿಗೆ ಮಣಿಪುರ ಅಷ್ಟು ದೂರ. ದಿನಗಟ್ಟಲೆ ನನ್ನ ಬಾಯಿಂದ ಮಾತೇ ಹೊರಡದೆ, ಭಾನುವಾರ ಮಗನ ಫೋನು ಬಂದಾಗ ಗಂಟಲು ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತದೆ. ಆದರೂ ಬೇಸಿಗೆಯೊಂದಿತ್ತು. ಲೈಬ್ರರಿಯ ಕಂಪ್ಯೂಟರಿನಲ್ಲಿ ಆ ದೇಶಗಳ ಸುದ್ದಿ ಓದಿ ಓದಿ ಇಡೀ ಚಳಿಗಾಲ ನಾನು ನನ್ನ ವಾದ ಮಸೆಯುತ್ತಿದ್ದೆ.

ಈ ಸಲವಂತೂ ದೇವರೇ ನನ್ನ ಕಡೆ ಇದ್ದ. ಪ್ರಯೋಗಾಲಯದಲ್ಲಿ ತಯಾರಿಸಿದ ವಜ್ರ ಪೇಟೆಗೆ ನುಗ್ಗಿ ಬೋಟ್ಸ್ವಾನಾದ ವ್ಯಾಪಾರ ಕುಸಿದಿತ್ತು. ಸ್ವಾತಂತ್ರ್ಯ ಬಂದಾಗಿನಿಂದ ಅಲ್ಲಿ ಆಳುತ್ತಿದ್ದ ಪಕ್ಷವನ್ನು ಜನ ಮನೆಗೆ ಕಳಿಸಿದ್ದರು. ಇತ್ತ ಕರೆಂಟಿನ ಕಾರುಗಳು ಬಂದು ಲೋಕಕ್ಕೆಲ್ಲ ತಾಮ್ರ ಬೇಕಾಗಿತ್ತು. ಒಂದು ದೇಶದ ಕಷ್ಟ ಓದಿ ಖುಷಿಪಡುವ ಮುದುಕಿ ಎಂಥವಳಿರಬೇಕು! ಆದರೂ ಪಟ್ಟೆ. ನಮ್ಮದು ಸೋಲೂ ಅಲ್ಲ, ನಿಮ್ಮದು ಗೆಲುವೂ ಅಲ್ಲ. ಕಥೆ ಇನ್ನೂ ನಡೆಯುತ್ತಿದೆ ಸಾಹೇಬ್ರ, ನಡುವಿನಲ್ಲೇ ಎದ್ದು ಫಲಿತಾಂಶ ಹೇಳಿದವರು ನೀವು. ಇದೇ ನನ್ನ ಕಡೆಯ ಅಸ್ತ್ರ ಎಂದು ತೀರ್ಮಾನಿಸಿದ್ದೆ.

ಪಿಕ್ನಿಕ್ಕಿನ ಸುದ್ದಿಯೇ ಬರಲಿಲ್ಲ. ಪ್ರತಿ ವರ್ಷ ಪಾರ್ಕು ಬುಕ್ ಮಾಡುತ್ತಿದ್ದವರು ನರ್ಸಿಂಗ್ ಹೋಮ್ ಸೇರಿದ್ದರು. ಅದರ ಬದಲು ಎಂಜಿನಿಯರ ಮಗಳ ಫೋನು ಬಂತು. ಬೋಟ್ಸ್ವಾನಾದಲ್ಲೇ ಹುಟ್ಟಿ, ಇಲ್ಲಿ ಬೆಳೆದವಳು. ತಂದೆ ಈಗ ಟೊರೊಂಟೊ ಪಕ್ಕದ ವಾನ್ ಎನ್ನುವ ಊರಿನಲ್ಲಿ ಅವಳ ಮನೆಯಲ್ಲೇ ಇದ್ದರು.

"ಆಂಟಿ, ಅಪ್ಪಂಗೆ ವಿಂಟರಲ್ಲಿ ಒಂದು ಸ್ಟ್ರೋಕ್ ಆಯ್ತು. ಕೈಕಾಲೆಲ್ಲ ಓಕೆ. ಬಟ್ ತಾವಾಗಿ ಮಾತೇ ಆಡೋದಿಲ್ಲ. ತುಂಬ ಫರ್ಗೆಟ್ ಆಗ್ತದೆ. ಥೆರಪಿಸ್ಟ್ ಹೇಳಿದ್ರು, ಅವರಿಗೆ ಯಾವುದರ ಬಗ್ಗೆ ಮಾತಾಡೋದು ಇಷ್ಟವೋ ಅದನ್ನು ಟ್ರೈ ಮಾಡಿ ಅಂತ. ನಂಗೆ ಒಂದೇ ನೆನಪಾದ್ದು." ನಾಚಿಕೊಂಡವಳ ಹಾಗೆ ಕೇಳಿದಳು: "ನೀವು ಬಂದು ಅವರ ಜೊತೆ ಜಗಳ ಆಡ್ತೀರಾ?"

ವಿಟ್ಬಿಯಿಂದ ಗೋ ಎನ್ನುವ ಲೋಕಲ್ ಟ್ರೇನು ಹಿಡಿದು, ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು, ಸಬ್‌ವೇಯಲ್ಲಿ ಆ ತುದಿಯವರೆಗೆ ಹೋದೆ. ದಾರಿಯುದ್ದಕ್ಕೂ ತುಟಿ ಆಡಿಸುತ್ತಿದ್ದೆ. ಎದುರಿಗೆ ಕೂತಿದ್ದವನು ಕಿವಿಯಿಂದ ಹಾಡು ಕೇಳುವ ಯಂತ್ರ ತೆಗೆದು, "ನನಗೆ ಏನಾದರೂ ಹೇಳಿದಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಇಲ್ಲಪ್ಪ ಎಂದೆ. ಸ್ಟೇಷನ್ನಿಗೆ ಮಗಳು ಕಾರು ತಂದಿದ್ದಳು.

ಹೊಸ ಬಡಾವಣೆಯ ದೊಡ್ಡ ಮನೆ. ಫ್ಯಾಮಿಲಿ ರೂಮಿನ ಕಿಟಕಿಯ ಹತ್ತಿರ ಅವರು ಕೂತಿದ್ದರು. ಟಿವಿಯಲ್ಲಿ ಯಾರೋ ಕೇಕು ಮಾಡುತ್ತಿದ್ದರು. ಮೊದಲೇ ತೆಳ್ಳಗಿದ್ದವರು ಈಗ ಸ್ವೆಟರಿನೊಳಗೆ ಎಲ್ಲೋ ಇದ್ದರು. "ಅಪ್ಪಾ, ಟೀಚರ್ ಆಂಟಿ ಬಂದ್ರು ನೋಡಿ" ಎಂದು ಮಗಳು ಟಿವಿ ಆರಿಸಿದಳು. "ಬನ್ನಿ ಬನ್ನಿ" ಎಂದು ನಕ್ಕರು. ಬ್ಯಾಂಕಿನಲ್ಲಿದ್ದಾಗ ಗುರುತಿಲ್ಲದ ಗಿರಾಕಿಗಳಿಗೆ ನಾನು ನಗುತ್ತಿದ್ದ ನಗು ಅದು. ನನಗೆ ಚೆನ್ನಾಗಿ ಗೊತ್ತು. ಮಗಳು ನಮ್ಮನ್ನು ಬಿಟ್ಟು ಚಹಾ ಮಾಡಲು ಹೋದಳು.

"ಏನ್ರೀ ಸಾಹೇಬ್ರ, ನಿಮ್ಮ ವಜ್ರದ ಗತಿ ಹಿಂಗಾತಲ್ಲ?" ಎಂದು ಶುರು ಮಾಡಿದೆ.

"ಹೌದು" ಎಂದರು.

"ಪಕ್ಷಾನೂ ಸೋತು ಹೋತು."

"ಹೌದು. ಹೌದಲ್ವಾ."

"ಈಗ ಎಲ್ಲಾರಿಗೂ ನಮ್ಮ ತಾಮ್ರನ ಬೇಕು. ಅಂದ್ರ ದೇಶಾ ಹಿಂದ ಬೀಳೋದು, ಮುಂದ ಹೋಗೋದು ಬರೇ ಶಿಸ್ತಿನಿಂದ ಅಲ್ಲ. ಲೋಕಕ್ಕ ಯಾವಾಗ ಏನು ಬೇಕಾಗ್ತದ ಅನ್ನೋದರ ಮ್ಯಾಲೆ ಅದ. ಒಪ್ಕೋತೀರೋ ಇಲ್ಲೋ?"

"ಸರಿ, ಸರಿ. ನೀವು ಹೇಳಿದ್ದು ಸರಿ."

ಅಷ್ಟು ವರ್ಷ ಕಾದ ಮಾತು. ಮಡಿಲಿಗೆ ಬಿದ್ದ ಹಣ್ಣನ್ನು ಕಚ್ಚಿ ನೋಡಿದರೆ ಒಳಗೆ ಏನೂ ಇಲ್ಲ. ನನಗೆ ಸಿಟ್ಟೇ ಬಂತು. ಕನ್ನಡಕ ತೆಗೆಯಿರಿ, ಗಾದೆ ಹೇಳಿ, ನನ್ನ ಮೇಲೆ ಬೀಳಿ ಎಂದು ಕಿರುಚಬೇಕೆನಿಸಿತು. ಅದರ ಬದಲು, ಅಡುಗೆಮನೆಗೆ ಕೇಳಿಸದ ಹಾಗೆ ದನಿ ತಗ್ಗಿಸಿ, ಯಾರನ್ನೂ ಕೇಳದಿದ್ದ ಮಾತನ್ನು ಕೇಳಿಬಿಟ್ಟೆ.

"ಸಾಹೇಬ್ರ, ನಾವು ಜಾಂಬಿಯಾದಾಗ ಕಲಿಸಿದ್ದು ವ್ಯರ್ಥ ಆತೇನ್ರಿ?"

"ಹೌದು" ಎಂದರು, ಅದೇ ನಗುವಿನಲ್ಲಿ.

ಅರ್ಥ ಇಟ್ಟು ಹೇಳಿದ್ದಲ್ಲ ಅಂತ ಬುದ್ಧಿಗೆ ಗೊತ್ತು. ಆದರೂ ಬಿಡಲಾಗಲಿಲ್ಲ. ಸಣ್ಣ ಮಕ್ಕಳಿಗೆ ಪ್ರಶ್ನೆ ತಿರುಗಿಸಿ ಕೊಡುವ ಹಾಗೆ ಮತ್ತೆ ಕೇಳಿದೆ: "ವ್ಯರ್ಥ ಆಗ್ಲಿಲ್ಲ, ಅಲ್ರೀ?" ಅದಕ್ಕೂ "ಹೌದು, ಹೌದು" ಎಂದರು. ಹುಣಸೆಹಣ್ಣಿನ ಆ ಮಾತನ್ನು ಆಡಿದವರು ಇಲ್ಲಿಲ್ಲ. ಇನ್ನು ವಾಪಸು ತೆಗೆದುಕೊಳ್ಳುವವರು ಯಾರು? ಲೋಕದಲ್ಲಿ ನನಗೆ "ಇಲ್ಲ, ನೀವು ಹೇಳುವುದು ತಪ್ಪು" ಎನ್ನುವವರು ಒಬ್ಬರೂ ಉಳಿದಿಲ್ಲ ಎಂದು ಆ ಕುರ್ಚಿಯಲ್ಲಿ ಕೂತಾಗ ಗೊತ್ತಾಯಿತು. ಯಜಮಾನರು ಹೋದಾಗಲೂ ನಾನು ಅಷ್ಟು ಒಂಟಿ ಅನ್ನಿಸಿರಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹಾಗನ್ನಿಸಿದ್ದು ನಿಜ.

ಚಹಾ ಬಂತು. ಮಗಳು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆಸೆಯಿಂದ ನಮ್ಮಿಬ್ಬರನ್ನೂ ನೋಡಿ ಹೋದಳು. ಅವಳ ಮುಖ ನೋಡಿ ಏನಾದರೂ ಮಾಡಬೇಕು ಅನ್ನಿಸಿತು. ಅವರ ವಾದ ಅವರಿಗೆ ಮರೆತಿದ್ದರೆ, ನನಗೆ ಮರೆತಿರಲಿಲ್ಲ. ಹಾಗಾಗಿ ನಾನೇ ಬೋಟ್ಸ್ವಾನಾದ ಪರ ಮಾತಾಡಲು ಶುರು ಮಾಡಿದೆ. ದನ ಮತ್ತು ಮರಳು ಬಿಟ್ಟರೆ ಬೇರೇನಿಲ್ಲದ ದೇಶ. ಬ್ರಿಟಿಷರು ಹೊರಟಾಗ ಸರಿಯಾದ ರಸ್ತೆಯೂ ಇರಲಿಲ್ಲ. ಆದರೆ ಮರದ ಕೆಳಗೆ ಕೂತು ಎಲ್ಲರ ಮಾತು ಕೇಳುವ ಮುಖ್ಯಸ್ಥರಿದ್ದರು. ವಜ್ರ ಇಡೀ ದೇಶದ್ದು ಎಂದರು, ಅದು ಯಾರ ಹೊಲದಲ್ಲಿ ಸಿಕ್ಕರೂ. ಕೆಲಸ ಬಲ್ಲವರನ್ನು, ಹೊರಗಿನವರಾದರೂ, ತಮ್ಮವರು ತಯಾರಾಗುವವರೆಗೆ ಇಟ್ಟುಕೊಂಡರು. ಬಂದದ್ದನ್ನೆಲ್ಲ ತಿನ್ನದೆ ಶಾಲೆಗೆ, ರಸ್ತೆಗೆ, ನೀರಿಗೆ ಹಾಕಿದರು. ಒಂದು ಬಾವಿಗೆ ಇಡೀ ದಿನ ಸಭೆ. ಹೇಳುತ್ತಾ ಹೇಳುತ್ತಾ ನನಗೇ ಆಶ್ಚರ್ಯವಾಯಿತು. ನನ್ನ ವಾದಕ್ಕಿಂತ ಅವರ ವಾದವೇ ನನಗೆ ಚೆನ್ನಾಗಿ ಬರುತ್ತಿತ್ತು. ಅದರಲ್ಲಿ ಸತ್ಯವೂ ಬಹಳ ಇತ್ತು. ಎದುರಿಗಿದ್ದು ಕೇಳುವಾಗ ನಾನು ಅದನ್ನು ಒಪ್ಪಿರಲಿಲ್ಲ, ಅಷ್ಟೆ.

ಅವರು ಮುಂದಕ್ಕೆ ಬಾಗಿದ್ದರು. ಚಹಾದ ಕಪ್ಪು ಕೈಯಲ್ಲೇ ಇತ್ತು. ಕಣ್ಣಿನಲ್ಲಿ ಏನೋ ಒಂದು ನಿಧಾನಕ್ಕೆ ಕೂಡಿಬಂದ ಹಾಗೆ ಕಂಡಿತು.

"ನೀವು ಬೋಟ್ಸ್ವಾನಾದಲ್ಲಿ ಇದ್ದದ್ದಾ?" ಎಂದು ಕೇಳಿದರು.

ನಾನು ಹೋದಾಗಿನಿಂದ ಅವರು ತಾವಾಗಿ ಕೇಳಿದ ಮೊದಲ ಮಾತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು, ಮಗಳಿಗೂ ಕೇಳಿಸಿರಬೇಕು. ಅಲ್ಲ, ನಾನು ಜಾಂಬಿಯಾದವಳು, ನಿಮ್ಮ ಜೊತೆ ಅಷ್ಟು ವರ್ಷ ಜಗಳವಾಡಿದ ಟೀಚರು, ನೆನಪಿಲ್ಲವೇ ಎಂದು ಹೇಳಬಹುದಿತ್ತು. ನಾನು ಅಲ್ಲಿದ್ದೆ ಎನ್ನುವುದಕ್ಕೆ ಈ ಊರುಗಳಲ್ಲಿ ಉಳಿದಿದ್ದ ಸಾಕ್ಷಿ ಅವರೊಬ್ಬರೇ. ಹೇಳಿದರೆ ಮತ್ತೆ ಆ ಗಿರಾಕಿಯ ನಗು ಬರುತ್ತದೆ ಎಂದು ಹೆದರಿದೆ.

"ಹೌದ್ರೀ. ಅಲ್ಲೇ ಇದ್ದೆ" ಎಂದೆ.

"ಹೌದಾ! ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದರು, ನಾನು ಕೂತೇ ಇದ್ದರೂ. ಆಮೇಲೆ ಮಾತು ಬಂತು. ತಡವರಿಸಿ, ಪದಕ್ಕೆ ಹುಡುಕಾಡಿ, ಆದರೆ ಬಂತು. ಮೊದಲ ಬಾವಿಯಲ್ಲಿ ಬರೀ ಉಪ್ಪುನೀರು ಬಂದದ್ದು, ಎರಡನೆಯದರಲ್ಲಿ ಸಿಹಿನೀರು ಚಿಮ್ಮಿದಾಗ ಒಬ್ಬ ಮುದುಕಿ ತಮ್ಮ ಕೈಹಿಡಿದು ಬಿಡದೇ ನಿಂತದ್ದು. ಅಷ್ಟು ವರ್ಷದ ಪಿಕ್ನಿಕ್ಕಿನಲ್ಲಿ ಆ ಮುದುಕಿಯ ವಿಷಯ ನಾನು ಕೇಳಿರಲಿಲ್ಲ. ಗೆಲ್ಲುವ ಗಡಿಬಿಡಿಯಲ್ಲಿ ಅದಕ್ಕೆ ಜಾಗ ಇರಲಿಲ್ಲವೇನೋ. ಮಗಳು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಎರಡೂ ಕಣ್ಣಲ್ಲಿ ನೀರು.

ಅವರು ದಣಿದು, ಕುರ್ಚಿಗೆ ಹಿಂದೆ ಒರಗಿದರು. ಒಂದೇ ಊರಿನವರ ಹತ್ತಿರ ಮಾತ್ರ ಆಡಬಹುದಾದ ಗುಟ್ಟಿನ ದನಿಯಲ್ಲಿ ಹೇಳಿದರು: "ನಮ್ಮವರಿಗೆ ಬುದ್ಧಿ ಇತ್ತು ನೋಡಿ. ಆಚೆ ಜಾಂಬಿಯಾದವರಿಗೆ ಇರಲಿಲ್ಲ. ಅಷ್ಟು ತಾಮ್ರ ಇಟ್ಟುಕೊಂಡು ಎಂತ ಮಾಡಿದರು? ಅಲ್ಲಿಗೆ ಹೋದ ನಮ್ಮ ಮೇಷ್ಟರೆಲ್ಲ, ಪಾಪ."

ನನ್ನ ಉತ್ತರಕ್ಕೆ ಕಾದರು.

"ಹೌದ್ರೀ" ಎಂದೆ. "ಪಾಪ."